ಗೇಮ್ ಜಾಮ್‌ಗೆ ಹಾಕಿದ ಆಟಕ್ಕೆ ಕೆಲಸಕ್ಕೆ ಬರೋ ಫೀಡ್‌ಬ್ಯಾಕ್ ಹೇಗೆ ಪಡೆಯೋದು? ಬೇರೆಯವರ ಆಟಕ್ಕೆ ನಾವು ಏನು ಬರೆಯೋದು?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಸಿಂಧನೂರಿನಲ್ಲಿ ಕೂತು ಆಟ ಕಟ್ಟುವ ಗೊಡೋ ಎಂಜಿನ್‌ನಲ್ಲಿ ಒಂದು ಚಿಕ್ಕ ಪ್ಲಾಟ್‌ಫಾರ್ಮರ್, ಅಂದರೆ ಓಡಿ ಜಿಗಿದು ಸಾಗುವ ಆಟ ಮಾಡಿದ್ದೀರಿ. ಮೊದಲ ಸಲ, ಆಟಗಳನ್ನು ಹಂಚುವ ಇಚ್ ಡಾಟ್ ಐಒ ತಾಣದಲ್ಲಿ ಒಂದು ಜಾಮ್‌ಗೆ, ಅಂದರೆ ಕೆಲವೇ ದಿನದಲ್ಲಿ ಆಟ ಮಾಡಿ ಒಬ್ಬರದನ್ನೊಬ್ಬರು ಆಡುವ ಕೂಟಕ್ಕೆ ಹಾಕಿದ್ದೀರಿ. ಗೆಳೆಯರು "ಸೂಪರ್" ಅಂದರು. ಹೊರಗಿನವರು ಕೆಲವರು "ನೈಸ್ ಗೇಮ್" ಅಂತ ಬರೆದು ಹೋದರು. ಒಬ್ಬರು ಮಾತ್ರ "ಕಂಟ್ರೋಲ್ ಸರಿ ಇಲ್ಲ" ಅಂದರು, ಯಾಕೆ ಅಂತ ಹೇಳಲಿಲ್ಲ. ಯಾರ ಮಾತು ಹಿಡಿಯಬೇಕು, ಬೇರೆಯವರ ಆಟಕ್ಕೆ ನಾನು ಏನು ಬರೆಯಬೇಕು ಅಂತ ಕೇಳಿದ್ದೀರಿ.

ನಾನು ಬಳ್ಳಾರಿಯವನು. ಹಗಲು ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕಪತ್ರ ನೋಡುತ್ತೇನೆ, ರಾತ್ರಿ ಆಟ ಮಾಡುತ್ತೇನೆ. ಜಾಮ್‌ಗಳಿಗೆ ಆಟ ಹಾಕುತ್ತಾ, ಬೇರೆಯವರ ಆಟ ಆಡಿ ಬರೆಯುತ್ತಾ ಕೆಲವು ವರ್ಷ ಆಯಿತು. ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ ಮಾತು. ಆಡಿದವರು ತೀರ್ಪು ಕೊಡಬೇಕಾಗಿಲ್ಲ, ಆಡುವಾಗ ತಮಗೆ ಏನಾಯಿತು ಅಂತ ಹೇಳಿದರೆ ಸಾಕು. "ಚೆನ್ನಾಗಿದೆ" ಅಂದರೂ "ಚೆನ್ನಾಗಿಲ್ಲ" ಅಂದರೂ ನಾಳೆ ಕೂತು ಏನು ತಿದ್ದಬೇಕು ಅಂತ ಗೊತ್ತಾಗುವುದಿಲ್ಲ. "ಎರಡನೇ ಲೆವೆಲ್‌ನಲ್ಲಿ ಮುರಿದ ಮೆಟ್ಟಿಲ ಹತ್ತಿರ ಐದಾರು ಸಲ ಬಿದ್ದೆ, ಆಮೇಲೆ ಬಿಟ್ಟುಬಿಟ್ಟೆ" ಅಂದರೆ ಗೊತ್ತಾಗುತ್ತದೆ.

ನಮ್ಮ ಯೂನಿಟ್‌ನಲ್ಲಿ ಹೊಸ ಪ್ಯಾಟರ್ನ್‌ನ ಸ್ಯಾಂಪಲ್ ಪೀಸ್ ಹೊಲಿದಾಗ ಯಾರನ್ನೂ "ಹೇಗಿದೆ" ಅಂತ ಕೇಳುತ್ತಾ ಕೂರುವುದಿಲ್ಲ. ಒಬ್ಬರಿಗೆ ತೊಡಿಸಿ, ನಡೆಸಿ, ಕುಕ್ಕರುಗಾಲಿನಲ್ಲಿ ಕೂರಿಸುತ್ತಾರೆ. ತೊಡೆ ಹತ್ತಿರ ಎಳೆಯಿತಾ, ಸೊಂಟ ಹಿಂದೆ ಇಳಿಯಿತಾ ಅಂತ ಮಾಸ್ಟರ್ ಕಣ್ಣಲ್ಲೇ ನೋಡುತ್ತಾರೆ. ಆಟವನ್ನೂ ಹಾಗೇ ನೋಡಬೇಕು.

ಆದ್ದರಿಂದ ಗೆಳೆಯರ "ಸೂಪರ್" ಬಗ್ಗೆ ಬೇಸರ ಮಾಡಿಕೊಳ್ಳಬೇಡಿ. ಅದು ಪ್ರೀತಿ. ಎದುರಿಗೆ ಕೂತವರ ಕೆಲಸದಲ್ಲಿ ಕೊರತೆ ಎತ್ತಿ ಆಡೋಕೆ ನಮ್ಮ ಕಡೆ ಜನಕ್ಕೆ ಸಂಕೋಚ. ಅವರಿಂದ ಮಾತು ಕೇಳುವ ಬದಲು ಅವರ ಕೈ ನೋಡಿ. ಲ್ಯಾಪ್‌ಟಾಪ್ ಮುಂದೆ ಕೂರಿಸಿ, "ಏನೂ ಹೇಳಲ್ಲ, ನೀನೇ ಆಡು" ಅನ್ನಿ, ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. "ಆ ಬಾಗಿಲ ಹತ್ತಿರ ಹೋಗೋ" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಹೇಳಿದಿರೋ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಇಚ್‌ನಲ್ಲಿ ಆಡುವವರ ಪಕ್ಕ ನೀವು ಇರುವುದಿಲ್ಲವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ರಾತ್ರಿ ಹೊತ್ತು ದೀಪ ಹಿಡಿದು ಬಳ್ಳಾರಿ ಗುಡ್ಡದ ಕೋಟೆ ಹತ್ತುವ ಆಟ ಒಂದು ಮಾಡಿದ್ದೆ. ನಮ್ಮ ಓಣಿಯ ಹೈಸ್ಕೂಲ್ ಹುಡುಗ ಆಡಲು ಕೂತ. ಒಂದೇ ಬಂಡೆಯ ಅಂಚಿನಲ್ಲಿ ಮತ್ತೆ ಮತ್ತೆ ಬಿದ್ದ. "ಅಣ್ಣಾ, ಜಿಗಿಯೋ ಬಟನ್ ಕೆಲಸ ಮಾಡ್ತಿಲ್ಲ, ಇನ್ನೂ ದೊಡ್ಡದಾಗಿ ಜಿಗಿಯಂಗೆ ಮಾಡು" ಅಂದ. ಬಟನ್ ಸರಿಯಾಗಿಯೇ ಇತ್ತು. ಅವನ ಬೆರಳು ನೋಡಿದೆ. ಗೊಂಬೆಯ ಕಾಲು ಅಂಚು ದಾಟಿದ ಮೇಲೆ, ಕಣ್ಣು ಮಿಟುಕಿಸುವಷ್ಟು ತಡವಾಗಿ, ಸ್ಪೇಸ್ ಒತ್ತುತ್ತಿದ್ದ. ಅಷ್ಟೊತ್ತಿಗೆ ಕೋಡ್ ಪ್ರಕಾರ ಗೊಂಬೆ ಗಾಳಿಯಲ್ಲಿದೆ, ಜಿಗಿಯುವ ಹಾಗಿಲ್ಲ. ಅವನ ಕಣ್ಣಿಗೆ ಮಾತ್ರ ಅದು ಇನ್ನೂ ಬಂಡೆ ಮೇಲೇ ಇದೆ.

ಇದಕ್ಕೆ ಜಿಗಿತ ದೊಡ್ಡದು ಮಾಡಿದರೆ ಉಳಿದ ಲೆವೆಲ್‌ಗಳೆಲ್ಲ ಕೆಟ್ಟುಹೋಗುತ್ತವೆ. ಬೇಕಾಗಿದ್ದು ಕಯೋಟಿ ಟೈಮ್. ಅಂಚು ದಾಟಿದ ಮೇಲೂ ಐದಾರು ಫ್ರೇಮ್‌ನಷ್ಟು ಹೊತ್ತು ಜಿಗಿಯಲು ಬಿಡುವುದು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ 6 ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಸೆಲೆಸ್ಟ್‌ನಂಥ ಕಠಿಣ ಆಟದಲ್ಲೂ ಈ ರಿಯಾಯಿತಿ ಇದೆ, ಆಡುವವರಿಗೆ ಗೊತ್ತೇ ಆಗುವುದಿಲ್ಲ. ಇದರ ಜೋಡಿಯೇ ಜಂಪ್ ಬಫರ್. ನೆಲ ಮುಟ್ಟುವ ಮೊದಲೇ ಬಟನ್ ಒತ್ತಿದರೂ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಜಿಗಿಸುವುದು. ಎರಡೂ ಸೇರಿ ಕೋಡ್ ಹತ್ತು ಹದಿನೈದು ಸಾಲು ಮೀರುವುದಿಲ್ಲ.

ಹುಡುಗ ಹೇಳಿದ ತೊಂದರೆ ನೂರಕ್ಕೆ ನೂರು ನಿಜ, ಹೇಳಿದ ಮದ್ದು ಮಾತ್ರ ಸರಿ ಹೊಂದುತ್ತಿರಲಿಲ್ಲ. ನಿಮಗೆ ಬರುವ ಫೀಡ್‌ಬ್ಯಾಕ್‌ನಲ್ಲಿ ಬಹುಪಾಲು ಹೀಗೇ ಇರುತ್ತದೆ. "ಸ್ಪೀಡ್ ಜಾಸ್ತಿ ಮಾಡಿ", "ಶತ್ರು ಕಮ್ಮಿ ಮಾಡಿ", "ಮ್ಯಾಪ್ ಕೊಡಿ" ಅಂತ ಬರುತ್ತವೆ. ಪ್ರತಿಯೊಂದಕ್ಕೂ ಹಿಂದೆ ಹೋಗಿ, ಅವರಿಗೆ ಎಲ್ಲಿ ಏನು ಅಡ್ಡ ಬಂತು ಅಂತ ಹುಡುಕಿ. ಮ್ಯಾಪ್ ಕೇಳಿದವರಿಗೆ ಬೇಕಾಗಿದ್ದು ಬಹುಶಃ ದಾರಿ ತೋರುವ ಒಂದು ದೀಪ.

ಈಗ ಆ "ಕಂಟ್ರೋಲ್ ಸರಿ ಇಲ್ಲ" ಅಂದವರ ವಿಷಯ. ಅವರನ್ನು ಬಿಡಬೇಡಿ, ನಿಮಗೆ ಸಿಕ್ಕಿದ್ದರಲ್ಲಿ ಅದೇ ಬೆಲೆಯುಳ್ಳ ಮಾತು. ಆಟದಲ್ಲಿ ಏನೋ ಒಂದು ಅವರ ಕೈಗೆ ಸಿಕ್ಕಿಲ್ಲ. ಥ್ಯಾಂಕ್ಸ್ ಹೇಳಿ ಒಂದೇ ಪ್ರಶ್ನೆ ಕೇಳಿ: ಎಲ್ಲಿ ಹಾಗನಿಸಿತು, ಯಾವ ಕೀಬೋರ್ಡ್? ಕೀಬೋರ್ಡ್ ಯಾಕೆ ಕೇಳಬೇಕು ಅಂದರೆ, ಆಡುವವರು ಪ್ರಪಂಚದ ಯಾವ ಮೂಲೆಯವರಾದರೂ ಆಗಿರಬಹುದು. ಫ್ರಾನ್ಸ್‌ನ ಕೀಬೋರ್ಡ್‌ನಲ್ಲಿ ನಮ್ಮ ಡಬ್ಲ್ಯೂ ಜಾಗದಲ್ಲಿ ಝಡ್ ಇರುತ್ತದೆ, ಎ ಜಾಗದಲ್ಲಿ ಕ್ಯೂ ಇರುತ್ತದೆ. ಗೊಂಬೆ ನಡೆಸಲು ಡಬ್ಲ್ಯೂ-ಎ-ಎಸ್-ಡಿ ಕೀ ಇಟ್ಟು ಮಾಡಿದ ಆಟ ಅವರ ಬೆರಳಿಗೆ ಅಡ್ಡಾದಿಡ್ಡಿ. ಯಾವ ಕೀಗೆ ಯಾವ ಕೆಲಸ ಅಂತ ಗೊತ್ತುಮಾಡುವ ಗೊಡೋದ ಇನ್‌ಪುಟ್ ಮ್ಯಾಪ್‌ನಲ್ಲಿ ಫಿಸಿಕಲ್ ಕೀಕೋಡ್ ಆರಿಸಿದರೆ ಅಕ್ಷರದ ಬದಲು ಕೀಯ ಜಾಗ ಲೆಕ್ಕಕ್ಕೆ ಬರುತ್ತದೆ. ಬಾಣದ ಕೀಗಳನ್ನೂ ಜೊತೆಗೆ ಕೊಡಿ.

ಉತ್ತರ ಬರೆಯುವಾಗ ಸಮಜಾಯಿಷಿ ಬೇಡ. "ಟೈಮ್ ಇರಲಿಲ್ಲ", "ಕರೆಂಟ್ ಹೋಗಿತ್ತು" ಅನ್ನೋದು ನಿಜವೇ ಇರಬಹುದು. ಏಪ್ರಿಲ್‌ನಲ್ಲಿ ಜಾಮ್ ಬಿದ್ದರೆ ನಮ್ಮ ಬಿಸಿಲಿಗೆ ಲ್ಯಾಪ್‌ಟಾಪೇ ಕಾದ ಹೆಂಚಿನಂತೆ ಆಗಿರುತ್ತದೆ, ಅದು ನನಗೂ ಗೊತ್ತು. ಆದರೆ 48 ಗಂಟೆಯಲ್ಲಿ ಮಾಡಿದ ಆಟ ಅಂತ ಅಲ್ಲಿ ಆಡುವ ಎಲ್ಲರಿಗೂ ಗೊತ್ತಿರುತ್ತದೆ, ಅವರೂ ಹಾಗೇ ಮಾಡಿ ಬಂದವರು. ನೀವು ಸಮರ್ಥನೆಗೆ ಇಳಿದರೆ ಅದನ್ನು ಓದಿದ ಮುಂದಿನವರು ಸುಮ್ನೆ "ನೈಸ್" ಅಂತ ಬರೆದು ಹೋಗುತ್ತಾರೆ.

ಇನ್ನು ಆಡುವವರೇ ಕಮ್ಮಿ ಇದ್ದರೆ? ನೀವೇ ಹೋಗಿ ಬೇರೆಯವರ ಆಟ ಆಡಿ ಬರೆಯಿರಿ, ಅವರೂ ಬಂದು ನಿಮ್ಮದನ್ನು ಆಡಿ ರೇಟಿಂಗ್ (ಅಂಕ) ಕೊಡಬಹುದು. ಇದರಲ್ಲಿ ಅಂಕದ ಲೆಕ್ಕವೂ ಇದೆ. ಇಚ್‌ನ ಜಾಮ್‌ಗಳಲ್ಲಿ ಎಲ್ಲ ಆಟಗಳಿಗೆ ಬಂದ ರೇಟಿಂಗ್ ಸಂಖ್ಯೆಯ ನಡುಮಧ್ಯದ ಅಂಕಿ ತೆಗೆಯುತ್ತಾರೆ. ನಿಮಗೆ ಅದಕ್ಕಿಂತ ಕಮ್ಮಿ ಬಂದಿದ್ದರೆ, ಕೊರತೆಗೆ ತಕ್ಕಂತೆ ವರ್ಗಮೂಲದ ಲೆಕ್ಕದಲ್ಲಿ ಅಂಕ ಇಳಿಯುತ್ತದೆ. ಮಧ್ಯದ ಅಂಕಿ 16 ಇದ್ದು ನಿಮಗೆ 4 ಜನ ಮಾತ್ರ ರೇಟ್ ಮಾಡಿದ್ದರೆ ಅಂಕ ಅರ್ಧ. ಸರಾಸರಿ 4 ಇದ್ದರೂ ಪಟ್ಟಿಯಲ್ಲಿ 2 ಅಂತಲೇ ಬರುತ್ತದೆ. ಲೂಡಮ್ ಡೇರ್ ಅನ್ನೋ ಇನ್ನೊಂದು ಜಾಮ್‌ನಲ್ಲಿ ಕನಿಷ್ಠ 20 ರೇಟಿಂಗ್ ಬಂದರೆ ಮಾತ್ರ ರ‍್ಯಾಂಕ್. ಹಾಗಾಗಿ ರ‍್ಯಾಂಕ್ ಕೆಳಗೆ ಬಂತು ಅಂದರೆ ಆಟ ಕೆಟ್ಟದು ಅಂತ ತಕ್ಷಣ ತಿಳಿಯಬೇಡಿ, ಮೊದಲು ಎಷ್ಟು ಜನ ಆಡಿದರು ನೋಡಿ. ಜನವರಿ ಕೊನೆಗೆ ನಡೆಯುವ ಗ್ಲೋಬಲ್ ಗೇಮ್ ಜಾಮ್‌ನಲ್ಲಂತೂ ರ‍್ಯಾಂಕೇ ಇಲ್ಲ. 2009ರಿಂದ ಅದು ಸ್ಪರ್ಧೆ ಇಲ್ಲದೆಯೇ ನಡೆದುಬಂದಿದೆ.

ಬೇರೆಯವರಿಗೆ ಏನು ಬರೆಯೋದು ಅನ್ನೋದಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಇಂಗ್ಲಿಷ್ ಬಗ್ಗೆ ಅಳುಕು ಕಾಣಿಸಿತು. ಅದು ಬೇಡ. ಅಲ್ಲಿ ಬರೆಯುವ ಜಪಾನಿನವರಿಗೂ ಬ್ರೆಜಿಲ್‌ನವರಿಗೂ ಇಂಗ್ಲಿಷ್ ತಾಯಿನುಡಿ ಅಲ್ಲ. ಮೂರು ಸಣ್ಣ ವಾಕ್ಯ ಸಾಕು. ನಾನು ಇಲ್ಲಿವರೆಗೆ ಹೋದೆ. ಇಲ್ಲಿ ಹೀಗಾಗುತ್ತದೆ ಅಂದುಕೊಂಡೆ, ಹಾಗಾಯಿತು. ಇನ್ನೊಂದು ಕಡೆ ಬೇರೇನೋ ಅಂದುಕೊಂಡಿದ್ದೆ, ಆಗಲಿಲ್ಲ. ಉದಾಹರಣೆಗೆ, "ಮೂರನೇ ಕೋಣೆವರೆಗೆ ಹೋದೆ. ನೆರಳು ಏಣಿಯಾಗುತ್ತೆ ಅಂತ ಗೊತ್ತಾದಾಗ ತುಂಬಾ ಖುಷಿಯಾಯಿತು. ಕೆಂಪು ಬಾಗಿಲು ತೆರೆಯಬಹುದು ಅಂದುಕೊಂಡು ಅಲ್ಲೇ ತುಂಬಾ ಹೊತ್ತು ಕಳೆದೆ, ಅದು ಬರೀ ಚಿತ್ರ ಅಂತ ಆಮೇಲೆ ತಿಳಿಯಿತು." ಇಷ್ಟು ಬರೆದರೆ ಮಾಡಿದವರ ಒಂದು ದಿನದ ಕೆಲಸ ಉಳಿಸಿದ ಹಾಗೆ.

ಹೊಗಳುವಾಗಲೂ ಜಾಗ ತೋರಿಸಿ. "ಮ್ಯೂಸಿಕ್ ಚೆನ್ನಾಗಿದೆ" ಅನ್ನೋದಕ್ಕಿಂತ "ದೀಪ ಆರಿದಾಗ ಮ್ಯೂಸಿಕ್ ನಿಂತಿತಲ್ಲ, ಅಲ್ಲಿ ಭಯ ಆಯಿತು" ಅನ್ನಿ. ತಿದ್ದಲು ಕೂತಾಗ ಯಾವುದನ್ನು ಮುಟ್ಟಬಾರದು ಅಂತ ಗೊತ್ತಾಗುವುದು ಇಂಥ ಹೊಗಳಿಕೆಯಿಂದಲೇ. ಇದನ್ನು ತುಂಬಾ ಜನ ಮರೆಯುತ್ತಾರೆ, ನನಗೆ ಬಹಳ ಮುಖ್ಯ ಅನಿಸುತ್ತದೆ.

"ಲೆವೆಲ್ ಕಮ್ಮಿ ಇದೆ", "ಕಥೆ ಇಲ್ಲ" ಅಂತ ಬರೆಯಬೇಡಿ. ಎರಡು ದಿನದಲ್ಲಿ ಮಾಡಿದ್ದಕ್ಕೆ ಅದು ಎಲ್ಲರಿಗೂ ಗೊತ್ತಿರುವ ಕೊರತೆ. ಜಾಮ್ ಆಟದಲ್ಲಿ ನೋಡಬೇಕಾಗಿದ್ದು ಒಳಗಿನ ಒಂದು ಐಡಿಯಾ ನಿಲ್ಲುತ್ತಾ ಅನ್ನೋದು. ಸೆಲೆಸ್ಟ್ ಮೊದಲು 2015ರಲ್ಲಿ ಪಿಕೋ-8 ಅನ್ನೋ, ಪುಟ್ಟ ಆಟ ಮಾಡುವ ಸಾಫ್ಟ್‌ವೇರ್‌ನಲ್ಲಿ ನಾಲ್ಕು ದಿನದಲ್ಲಿ ಇಬ್ಬರು ಮಾಡಿದ ಪುಟ್ಟ ಆಟ, ದೊಡ್ಡದಾಗಿ ಬಂದಿದ್ದು 2018ರಲ್ಲಿ. ಪದಗಳನ್ನು ತಳ್ಳಿ ಆಟದ ನಿಯಮವನ್ನೇ ಬದಲಿಸುವ ಬಾಬಾ ಈಸ್ ಯು ಹುಟ್ಟಿದ್ದು 2017ರ ನಾರ್ಡಿಕ್ ಗೇಮ್ ಜಾಮ್‌ನಲ್ಲಿ, ಪೂರ್ತಿ ಆಟ ಬಂದಿದ್ದು 2019ರಲ್ಲಿ. ಆ ಪುಟ್ಟ ಆಟಗಳಲ್ಲೇ ಮುಖ್ಯವಾದದ್ದೆಲ್ಲ ಇತ್ತು. ಯಾರಾದರೂ ನಿಮಗೆ "ಇನ್ನೂ ಲೆವೆಲ್ ಬೇಕಿತ್ತು" ಅಂದರೆ ಅದನ್ನು ದೂರು ಅಂದುಕೊಳ್ಳಬೇಡಿ, ಐಡಿಯಾ ಹಿಡಿಸಿದೆ ಅಂತ ಅರ್ಥ.

ಹೊರಗಿನವರು ಯಾರೂ ಹೇಳಲಾರದ ಒಂದು ವಿಷಯ ಇದೆ. ನಿಮ್ಮ ಆಟದಲ್ಲಿ ಕನ್ನಡ ಅಕ್ಷರ ಇಟ್ಟಿದ್ದೀರಾ? ಗೊಡೋ 3ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. "ಬಳ್ಳಾರಿ" ಅಂತ ಬರೆದರೆ ಎರಡನೇ ಳ ಕೆಳಗೆ ಇಳಿಯುತ್ತಿರಲಿಲ್ಲ, ಅಕ್ಷರ ಒಡೆದು ಪಕ್ಕಪಕ್ಕ ನಿಲ್ಲುತ್ತಿತ್ತು. 2023ರಲ್ಲಿ ಬಂದ ಗೊಡೋ 4ರಿಂದ ಇದು ಸರಿಯಾಗಿದೆ. ಆದರೆ ಇನ್ನೊಂದು ತೊಡಕು ಉಳಿದಿದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿಸುವಾಗ ಗೊಡೋ ಸಿಸ್ಟಮ್‌ನ ಕನ್ನಡ ಫಾಂಟ್ ತೆಗೆದುಕೊಂಡು ಚೆನ್ನಾಗಿ ತೋರಿಸುತ್ತದೆ. ಬ್ರೌಸರ್‌ಗೆ ಹಾಕಿದಾಗ ಸಿಸ್ಟಮ್ ಫಾಂಟ್ ಅದಕ್ಕೆ ಸಿಗುವುದಿಲ್ಲ, ಅಕ್ಷರದ ಜಾಗದಲ್ಲಿ ಬರೀ ಚೌಕ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟ್ ಫೈಲನ್ನು ಪ್ರಾಜೆಕ್ಟ್ ಒಳಗೇ ಸೇರಿಸಿ. ಪೋಲೆಂಡ್‌ನಲ್ಲಿ ಕೂತು ಆಡುವವರು ಚೌಕಗಳನ್ನು ನೋಡಿ ಇದೂ ಆಟದ ಡಿಸೈನ್ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ಅದಕ್ಕೇ ಕನ್ನಡ ಓದುವ ಒಬ್ಬರಾದರೂ, ತಮ್ಮದೇ ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ, ಆಟದ ಪುಟ ತೆರೆದು ಆಡಿ ನೋಡಬೇಕು.

ಬಂದ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಲೆವೆಲ್ ಪ್ರಕಾರ, ಜಾಗದ ಪ್ರಕಾರ. ಒಂದೇ ಜಾಗದ ಬಗ್ಗೆ ಇಬ್ಬರು ಮೂವರು ಬೇರೆ ಬೇರೆ ಮಾತಲ್ಲಿ ಹೇಳಿದ್ದರೆ ಮೊದಲು ಅದನ್ನೇ ಹಿಡಿಯಿರಿ. ಒಬ್ಬರೇ ಹೇಳಿದ್ದು ಕಾಯಲಿ. ವೋಟಿಂಗ್ ನಡೆಯುವಾಗ ಫೈಲ್ ಬದಲಿಸಬಹುದಾ ಅನ್ನೋದು ಜಾಮ್‌ನಿಂದ ಜಾಮ್‌ಗೆ ಬೇರೆ, ನಿಯಮ ಓದಿಕೊಳ್ಳಿ. ಬಿಡದಿದ್ದರೆ ಒಳ್ಳೆಯದೇ, ಎಲ್ಲರೂ ಆಡಿ ಮುಗಿಸುವವರೆಗೆ ತಾಳ್ಮೆಯಿಂದ ಓದಲು ಸಮಯ ಸಿಗುತ್ತದೆ.

ನಿಮ್ಮ ಆಟದ ಪುಟದಲ್ಲಿ ಒಂದು ಸಾಲು ಸೇರಿಸಿ: ಎಲ್ಲಿ ಬಿಟ್ಟಿರಿ ಅಂತ ಹೇಳಿ, ಮುಗಿಸದಿದ್ದರೂ ಪರವಾಗಿಲ್ಲ. ಅರ್ಧಕ್ಕೆ ಬಿಟ್ಟವರು ಸಾಮಾನ್ಯವಾಗಿ ಏನೂ ಬರೆಯದೆ ಹೋಗುತ್ತಾರೆ. ನಿಮಗೆ ಅವರ ಮಾತೇ ಜಾಸ್ತಿ ಬೇಕಾಗಿರುವುದು.

ಲಿಂಕ್ ಇಲ್ಲೇ ಕೆಳಗೆ ಹಾಕಿ. ಭಾನುವಾರ ಆಡುತ್ತೇನೆ, ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸುತ್ತೇನೆ. ನನ್ನದು ಹಳೇ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಿಧಾನ ಆದರೆ ಅದೂ ಕಾಣಿಸುತ್ತದೆ. ಆಡುವ ಮೊದಲು ಹೇಗೆ ಆಡಬೇಕು ಅಂತ ಮಾತ್ರ ನನಗೆ ಹೇಳಬೇಡಿ.