ಪ್ಲಿಮತ್ ಪಟ್ಟಣ ಪಾಂಪೆಯಂತೆ ಒಮ್ಮೆಲೇ ಹೂತುಹೋಯಿತೇ? ಜನ ಅಲ್ಲಿಗೆ ಏಕೆ ಮರಳಲಿಲ್ಲ?

ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪದ ರಾಜಧಾನಿಯಲ್ಲಿ ಒಬ್ಬರೂ ವಾಸವಿಲ್ಲ ಎಂಬುದನ್ನು ಓದಿ, ಪ್ಲಿಮತ್ ಎಂಬ ಆ ಊರು, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಸಿಲುಕಿದ ಇಟಲಿಯ ಪಾಂಪೆಯಂತೆ ಜನರ ಸಮೇತ ಹಠಾತ್ತನೆ ಹೂತುಹೋಯಿತೇ, ಉಳಿದವರು ಅದನ್ನು ಮತ್ತೆ ಏಕೆ ಕಟ್ಟಿಕೊಳ್ಳಲಿಲ್ಲ ಎಂದು ತಾವು ಕೇಳಿದ್ದೀರಿ. ನಾನು ಭೂವಿಜ್ಞಾನ ಓದಿದವನು. ಆ ದ್ವೀಪವನ್ನು ಕಣ್ಣಾರೆ ಕಂಡಿಲ್ಲವಾದರೂ ಅಲ್ಲಿಯ ಜ್ವಾಲಾಮುಖಿಯ ಕುರಿತ ಬರಹಗಳನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಪಾಂಪೆಯ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಪ್ಲಿಮತ್ ನಾಶವಾಗಲು ಎರಡು ವರ್ಷ ಹಿಡಿಯಿತು, ಮತ್ತು ಅದು ಬೂದಿಯಲ್ಲಿ ಮುಳುಗುವ ಹೊತ್ತಿಗೆ ಊರಿನಲ್ಲಿ ಜನರಿರಲಿಲ್ಲ.

ಮಾಂಟ್ಸೆರಾಟ್ ಸುಮಾರು 16 ಕಿ.ಮೀ. ಉದ್ದ, 11 ಕಿ.ಮೀ. ಅಗಲದ ಬ್ರಿಟಿಷ್ ಆಡಳಿತದ ಪುಟ್ಟ ದ್ವೀಪ. ಅಟ್ಲಾಂಟಿಕ್ ಸಾಗರದ ತಳ ಕೆರಿಬಿಯನ್ ಫಲಕದ (ಭೂಮಿಯ ಹೊರಪದರದ ಒಂದು ಬೃಹತ್ ತುಂಡಿನ) ಅಡಿಗೆ ನುಸುಳುವ ಅಂಚಿನಲ್ಲಿ ಎದ್ದು ನಿಂತಿರುವ ಜ್ವಾಲಾಮುಖಿ ದ್ವೀಪಗಳ ಸಾಲಿನಲ್ಲಿ ಇದೂ ಒಂದು. 1995ಕ್ಕೆ ಮೊದಲು ಇಲ್ಲಿ ಸುಮಾರು 11,000 ಜನರಿದ್ದರು. ಬಂದರು, ಸರಕಾರಿ ಕಚೇರಿ, ಆಸ್ಪತ್ರೆ, ಸಂತೆ, ಲೀವರ್ಡ್ ದ್ವೀಪಗಳ ತಂಡ ಪಂದ್ಯವಾಡುತ್ತಿದ್ದ ಸ್ಟರ್ಜ್ ಪಾರ್ಕ್ ಕ್ರಿಕೆಟ್ ಮೈದಾನ, ಹೀಗೆ ದ್ವೀಪದ ಬದುಕಿಗೆ ಬೇಕಾದದ್ದೆಲ್ಲ ಪ್ಲಿಮತ್ ಒಂದರಲ್ಲೇ ಇತ್ತು. ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿಯ ನೆತ್ತಿ ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರ, ಅಷ್ಟೆ.

ಈ ಬೆಟ್ಟ ಸಿಡಿದದ್ದನ್ನು ಬರೆದಿಟ್ಟ ದಾಖಲೆ 1995ಕ್ಕೆ ಹಿಂದೆ ಇರಲಿಲ್ಲ. ಆದರೆ 1897–98, 1933–37 ಮತ್ತು 1966–67ರಲ್ಲಿ, ಅಂದರೆ ಹೆಚ್ಚುಕಡಿಮೆ ಮೂವತ್ತು ವರ್ಷಕ್ಕೊಮ್ಮೆ, ದ್ವೀಪದಲ್ಲಿ ಭೂಕಂಪಗಳ ಸರಣಿಯೇ ನಡೆದಿತ್ತು. 1980ರ ದಶಕದ ಕೊನೆಯಲ್ಲಿ ವಾಜ್ ಮತ್ತು ಐಸಾಕ್ಸ್ ಎಂಬ ಇಬ್ಬರು ವಿಜ್ಞಾನಿಗಳು ಅಪಾಯದ ನಕ್ಷೆ ತಯಾರಿಸಿ, ಈ ಜ್ವಾಲಾಮುಖಿ ಎಚ್ಚೆತ್ತರೆ ಪ್ಲಿಮತ್‌ಗೆ ಕೇಡು ತಪ್ಪಿದ್ದಲ್ಲ ಎಂದು ತೋರಿಸಿಕೊಟ್ಟರು. 1989ರ ಸೆಪ್ಟೆಂಬರ್‌ನಲ್ಲಿ ಹ್ಯೂಗೋ ಚಂಡಮಾರುತ ದ್ವೀಪದ ಬಹುಪಾಲು ಕಟ್ಟಡಗಳಿಗೆ ಹಾನಿಮಾಡಿದಾಗ, ಮುಖ್ಯ ಸಂಸ್ಥೆಗಳನ್ನು ಉತ್ತರಕ್ಕೆ ಸಾಗಿಸುವ ಅವಕಾಶ ತಾನಾಗಿಯೇ ಒದಗಿಬಂದಿತ್ತು. ಹಾಗಿದ್ದೂ ಹೊಸ ಆಸ್ಪತ್ರೆಯನ್ನು, ಹೊಸ ಆಡಳಿತ ಭವನವನ್ನು ಪ್ಲಿಮತ್‌ನಲ್ಲಿಯೇ ಕಟ್ಟಿದರು. ಈ ಕಥೆಯಲ್ಲಿ ಮನುಷ್ಯರು ಮಾಡಿದ ದೊಡ್ಡ ತಪ್ಪು ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

1995ರ ಜುಲೈ 18ರಂದು ಬೆಟ್ಟ ಹಬೆಯನ್ನೂ ಬೂದಿಯನ್ನೂ ಉಗುಳತೊಡಗಿತು. ಆಗಸ್ಟ್ 21ರಂದು ಬೂದಿಯ ಮೋಡ ಹಾಡುಹಗಲೇ ಪಟ್ಟಣಕ್ಕೆ ಕತ್ತಲು ಕವಿಸಿದಾಗ ಜನರನ್ನು ಮೊದಲ ಬಾರಿಗೆ ತೆರವುಗೊಳಿಸಿದರು. ಕೆಲವು ದಿನಗಳ ನಂತರ ಅವರು ಮರಳಿದರು, ಡಿಸೆಂಬರ್‌ನಲ್ಲಿ ಮತ್ತೆ ಹೊರಟರು, ಮತ್ತೆ ಬಂದರು, ಕೊನೆಗೆ 1996ರ ಏಪ್ರಿಲ್ 3ರಂದು ಬಿಟ್ಟು ಹೋದವರು ವಾಸಕ್ಕೆಂದು ಹಿಂತಿರುಗಲೇ ಇಲ್ಲ. ಈ ಹೋಗಿಬರುವಿಕೆಗೆ ಕಾರಣ ಆ ಜ್ವಾಲಾಮುಖಿಯ ಸ್ವಭಾವ. ಹವಾಯಿಯ ಲಾವಾ ಗಂಜಿಯಂತೆ ಹರಿದುಹೋದರೆ, ಇಲ್ಲಿಯದು ಮುದ್ದೆಯಂತೆ ಅಂಟಂಟಾಗಿ ಬಾಯಲ್ಲೇ ಗುಮ್ಮಟವಾಗಿ ಬೆಳೆಯುತ್ತದೆ. ಗುಮ್ಮಟ ತನ್ನ ಭಾರವನ್ನು ತಾನೇ ತಾಳಲಾರದೆ ಕುಸಿದಾಗ, ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ ಮತ್ತು ಬಂಡೆಗಳ ಮಿಶ್ರಣ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಕಣಿವೆ ಹಿಡಿದು ಇಳಿಯುತ್ತದೆ. ಪೈರೋಕ್ಲಾಸ್ಟಿಕ್ ಪ್ರವಾಹ ಎನ್ನುವುದು ಇದನ್ನೇ. ಕಂಡ ಮೇಲೆ ಓಡಿ ಪಾರಾಗುವಂಥದ್ದಲ್ಲ.

ಸಾವು ಸಂಭವಿಸಿದ್ದು ಪ್ಲಿಮತ್‌ನಲ್ಲಲ್ಲ. 1997ರ ಜೂನ್ 25ರಂದು ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಇಳಿದ ಪ್ರವಾಹಕ್ಕೆ 19 ಜನ ಬಲಿಯಾದರು. ಅವರು ನಿಷೇಧಿತ ವಲಯದಲ್ಲಿದ್ದರು ಎಂಬುದು ನಿಜ. ಆದರೆ ಅಲ್ಲಿ ಹೊಲಗಳಿದ್ದವು, ದನಕರುಗಳಿದ್ದವು, ಉತ್ತರದಲ್ಲಿ ಅವರಿಗಿದ್ದದ್ದು ಕಿಕ್ಕಿರಿದ ಆಶ್ರಯ ಶಿಬಿರ ಮಾತ್ರ. ಉಳಲು ಬೇರೆ ನೆಲ ಕೊಡದೆ, ಅಪಾಯವಿದೆ ಎಂದಷ್ಟೇ ಹೇಳಿ ರೈತನನ್ನು ಹೊಲದಿಂದ ದೂರವಿಡಬಹುದೆಂದು ಭಾವಿಸಿದವರನ್ನು ನಾನು ಸುಲಭವಾಗಿ ಕ್ಷಮಿಸಲಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ, ನೆರವಿನ ಚರ್ಚೆ ನಡೆದಿದ್ದಾಗ, ಬ್ರಿಟನ್ನಿನ ಸಚಿವೆ ಕ್ಲೇರ್ ಶಾರ್ಟ್, ದ್ವೀಪದವರು ಇನ್ನು ಚಿನ್ನದ ಆನೆಗಳನ್ನೂ ಕೇಳಿಯಾರು ಎಂಬರ್ಥದ ಮಾತಾಡಿ ಅವರ ಸಿಟ್ಟಿಗೆ ಗುರಿಯಾದರು.

ಆ ಆಗಸ್ಟ್‌ನ ಮೊದಲ ವಾರದಲ್ಲೇ ಗೇಜಸ್ ಕಣಿವೆಯಿಂದ ಇಳಿದ ಪ್ರವಾಹಗಳು ಪ್ಲಿಮತ್‌ಗೆ ನುಗ್ಗಿ, ಬೆಂಕಿ ಹೊತ್ತಿಸಿ, ಸುಮಾರು ಶೇ. 80ರಷ್ಟು ಪಟ್ಟಣವನ್ನು ಹಾಳುಮಾಡಿದವು. ಉಳಿದದ್ದನ್ನು ಮಳೆ ಮುಗಿಸಿತು. ಬೆಟ್ಟದ ಮೇಲಿನ ಸಡಿಲ ಬೂದಿ ಪ್ರತಿ ಜೋರು ಮಳೆಗೂ ಕೆಸರಿನ ಹೊಳೆಯಾಗಿ ಬಂದು ಕೆಳಮಹಡಿಗಳನ್ನು ತುಂಬಿತು. ಎಷ್ಟೋ ಕಟ್ಟಡಗಳ ಮೇಲ್ಭಾಗವಷ್ಟೇ ಈಗ ಕಾಣುತ್ತದೆ.

ಮರಳಿ ಕಟ್ಟದಿರಲು ಮುಖ್ಯ ಕಾರಣವೂ ಇಲ್ಲಿಯೇ ಇದೆ. ಒಮ್ಮೆ ಸಿಡಿದು ತಣ್ಣಗಾಗುವ ಬೆಟ್ಟವಾಗಿದ್ದರೆ ಜನ ಬೂದಿ ಗುಡಿಸಿ ಬಂದುಬಿಡುತ್ತಿದ್ದರು. ಈ ಬೆಟ್ಟವಾದರೋ ನಡುನಡುವೆ ವಿರಮಿಸುತ್ತ 2010ರ ಫೆಬ್ರವರಿಯವರೆಗೆ ಗುಮ್ಮಟ ಬೆಳೆಸುವುದು, ಕೆಡವುವುದು ಮಾಡುತ್ತಲೇ ಇತ್ತು. ಇವತ್ತಿಗೂ ಅದರಿಂದ ಗಂಧಕದ ಅನಿಲ ಹೊರಬರುತ್ತಿದೆ, ಮಾಂಟ್ಸೆರಾಟ್ ಜ್ವಾಲಾಮುಖಿ ವೀಕ್ಷಣಾಲಯ ಅದರ ಮೇಲೆ ಕಣ್ಣಿಟ್ಟಿದೆ. ಅಷ್ಟು ವರ್ಷ ಶಿಬಿರದಲ್ಲಿ ಕಾಯಲು ಯಾರಿಂದ ಸಾಧ್ಯ? ಮೂರನೇ ಎರಡರಷ್ಟು ಜನ ಆಂಟಿಗುವಾ, ಬ್ರಿಟನ್ ಮೊದಲಾದ ಕಡೆಗೆ ಹೋಗಿ ನೆಲೆ ಕಂಡುಕೊಂಡರು. ಈಗ ದ್ವೀಪದಲ್ಲಿರುವವರು 5,000ಕ್ಕೂ ಕಡಿಮೆ, ಎಲ್ಲರೂ ಉತ್ತರದಲ್ಲಿ. ಆಡಳಿತ ಬ್ರೇಡ್ಸ್‌ನಿಂದ ನಡೆಯುತ್ತದೆ, ಹೊಸ ಪಟ್ಟಣ ಮತ್ತು ಬಂದರಿನ ಯೋಜನೆ ಲಿಟಲ್ ಬೇಯಲ್ಲಿದೆ, ಹಳೆಯ ವಿಮಾನ ನಿಲ್ದಾಣಕ್ಕೆ ಬದಲಾಗಿ 2005ರಲ್ಲಿ ಇನ್ನೊಂದು ಬಂತು. ಕಾಗದದ ಮೇಲೆ ಮಾತ್ರ ರಾಜಧಾನಿ ಇಂದಿಗೂ ಪ್ಲಿಮತ್.

ಅಲ್ಲಿಗೆ ಯಾರೂ ಕಾಲಿಡುವುದೇ ಇಲ್ಲ ಎಂದೇನೂ ಅಲ್ಲ. ಜ್ವಾಲಾಮುಖಿ ತಂದು ಸುರಿದ ಮರಳನ್ನು ಅಗೆದು, ಪ್ಲಿಮತ್‌ನ ಹಳೆಯ ಕಟ್ಟೆಯಿಂದಲೇ ಹಡಗಿಗೆ ತುಂಬಿ ಪಕ್ಕದ ದ್ವೀಪಗಳಿಗೆ ಮಾರುತ್ತಾರೆ. ಪ್ರವಾಸಿಗರು ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಕರ ಜೊತೆಯಲ್ಲಿ ಹಗಲು ಹೊತ್ತಿನಲ್ಲಿ ಹೋಗಿಬರಬಹುದು.