ಕೇಸ್ ಶೀಟ್ ಕೇಳಿದರೆ ಕೋಪವೇಕೆ, ಡಾಕ್ಟರೇ?

ಪತ್ರ: ಮಾನ್ಯ ಸಂಪಾದಕರೇ, ವೈದ್ಯಕೀಯ ನಿರ್ಲಕ್ಷ್ಯ ಕುರಿತ ನಿಮ್ಮ ಲೇಖನ ಏಕಪಕ್ಷೀಯವಾಗಿದೆ. ಗ್ರಾಹಕ ಕಾನೂನು ನಮ್ಮನ್ನು ಅಂಗಡಿಯವರ ಸಾಲಿಗೆ ತಂದು ನಿಲ್ಲಿಸಿದೆ. ರೋಗಿ ಉಳಿದರೆ ದೇವರ ದಯೆ, ಸತ್ತರೆ ಡಾಕ್ಟರ ತಪ್ಪು. ಕೇಸಿನ ಭಯಕ್ಕೆ ಬೇಡದ ಪರೀಕ್ಷೆಗಳನ್ನೂ ಬರೆಯಬೇಕಾಗಿದೆ. ಇದಕ್ಕೆ ಹೊಣೆ ಯಾರು?
– ನರ್ಸಿಂಗ್ ಹೋಂ ನಡೆಸುವ ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ: ದೇವರ ದಯೆಯ ಮಾತು ಚೆನ್ನಾಗಿದೆ ಡಾಕ್ಟರೇ, ನಮ್ಮ ಲೇಖಕರಿಗೂ ಅದು ಹೊಳೆದಿರಲಿಲ್ಲ. ಅದರಲ್ಲಿ ನಿಜವೂ ಇದೆ. ಸಾವಿನ ಮನೆಯವರ ಸಿಟ್ಟು ಎದುರಿಗೆ ಸಿಕ್ಕ ಡ್ಯೂಟಿ ಡಾಕ್ಟರ ಮೇಲೆ ತಿರುಗುವುದುಂಟು. ಆಸ್ಪತ್ರೆಗಳ ಮೇಲಿನ ಹಲ್ಲೆ ತಡೆಯಲೆಂದೇ ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ. ಅದನ್ನು ಬಿಗಿಯಾಗಿ ಜಾರಿ ಮಾಡಲಿ. ಉಳಿದದ್ದನ್ನು ಮಾತ್ರ ಒಪ್ಪಲಾರೆ.

ಶುಲ್ಕ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನಡಿ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದು ನಿಜ. ಆದರೆ ಅದೇ ಕೋರ್ಟು 2005ರಲ್ಲಿ ನಿಮಗೆ ಗಟ್ಟಿಯಾದ ಕೊಡೆಯನ್ನೇ ಹಿಡಿಯಿತು. ನಿರ್ಲಕ್ಷ್ಯ ತೀರಾ ಘೋರವಾಗಿದ್ದರಷ್ಟೇ ಕ್ರಿಮಿನಲ್ ಹೊಣೆ, ಅದಕ್ಕೂ ಮೊದಲು ಪೊಲೀಸರು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನೋಡಿ. ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಶಿಕ್ಷೆ. ಚಿಕಿತ್ಸೆಯ ವೇಳೆ ಹಾಗಾದರೆ ನೋಂದಾಯಿತ ವೈದ್ಯರಿಗೆ ಎರಡೇ ವರ್ಷದವರೆಗೆ. ಯಾವ ಅಂಗಡಿಯವನಿಗೆ ಈ ರಿಯಾಯಿತಿ ಸಿಕ್ಕಿದೆ? 2017ರಲ್ಲಿ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಹೊರಟಾಗ ನಿಮ್ಮವರು ಹೊರರೋಗಿ ವಿಭಾಗಗಳನ್ನೇ ಮುಚ್ಚಿ ಮುಷ್ಕರ ಹೂಡಿದರು, ಸರ್ಕಾರ ಮಸೂದೆಯನ್ನು ಸಡಿಲಿಸಿತು. ರೋಗಿಗಳು ಎಲ್ಲಿಯಾದರೂ ಮುಷ್ಕರ ಹೂಡಿದ್ದುಂಟೇ?

ಈಗ ಅವರ ಕಡೆ ನೋಡೋಣ. 1998ರಲ್ಲಿ ಕೋಲ್ಕತ್ತಾದಲ್ಲಿ ಚಿಕಿತ್ಸೆ ಪಡೆದ ಮಹಿಳೆಯೊಬ್ಬರು ತೀರಿಕೊಂಡ ಪ್ರಕರಣದಲ್ಲಿ ಸುಮಾರು ಆರು ಕೋಟಿ ರೂಪಾಯಿಯ ಪರಿಹಾರ ಇತ್ಯರ್ಥವಾದದ್ದು 2013ರಲ್ಲಿ. ಎಲ್ಲರೂ ಆ ಮೊತ್ತವನ್ನೇ ನೆನಪಿಟ್ಟುಕೊಂಡಿದ್ದಾರೆ. ಹೋರಾಡಿದ ಗಂಡ ಸ್ವತಃ ವೈದ್ಯರು, ಅಮೆರಿಕದಲ್ಲಿ ನೆಲೆಸಿದವರು. ಅಂಥವರೇ ಹದಿನೈದು ವರ್ಷ ಕಾದರು. ರೈತನ ಹೆಂಡತಿಗೆ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಇರುವುದು ಎರಡು ವರ್ಷ. ಅಷ್ಟರಲ್ಲಿ ಅಳು ನಿಲ್ಲಬೇಕು, ಸಾಲ ತೀರಬೇಕು, ವಕೀಲರು ಸಿಗಬೇಕು, ನಿಮ್ಮ ವೃತ್ತಿಯವರೇ ಒಬ್ಬರು ನಿಮ್ಮ ವಿರುದ್ಧ ಅಭಿಪ್ರಾಯ ಬರೆದುಕೊಡಬೇಕು. ಈ ಕೊನೆಯದು ಎಷ್ಟು ಸುಲಭವೆಂದು ನಿಮಗಿಂತ ಚೆನ್ನಾಗಿ ಬಲ್ಲವರಾರು?

ನಮ್ಮ ನೆರೆಮನೆಯ ಹುಡುಗನ ಜೊತೆ ಅವನ ತಂದೆಯ ಕೇಸ್ ಶೀಟ್ ಕೇಳಲು ನಾನೂ ಒಂದು ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನವರು ಕೋರ್ಟಿನ ಆದೇಶ ತರಲು ಹೇಳಿದರು. ಹುಡುಗನಿಗೆ ಕೋರ್ಟಿನ ಯೋಚನೆ ಬಂದದ್ದೇ ಆಗ! ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿಯಲ್ಲೇ ಇದೆ. ಕರೆದು ಕೂರಿಸಿ, ನಡೆದದ್ದನ್ನು ಬಿಡಿಸಿ ಹೇಳಿ, ಪ್ರತಿ ಕೈಗಿಟ್ಟಿದ್ದರೆ ಆ ಮನೆಯವರು ಶ್ರಾದ್ಧ ಮುಗಿಸಿ ಸುಮ್ಮನಾಗುತ್ತಿದ್ದರು. ಬಾಯಿ ಬಿಡದ ಆಸ್ಪತ್ರೆಯೇ ಜನರನ್ನು ವಕೀಲರ ಬಳಿಗೆ ಅಟ್ಟುತ್ತದೆ ಎಂಬುದು ನನ್ನ ಹಳೆಯ ನಂಬಿಕೆ.

ಬೇಡದ ಪರೀಕ್ಷೆಗಳ ಮಾತು ಬಿಡಿ. ಅದೇ ವಿಭಾಗದ ಸಾಧಾರಣ ಜಾಣ್ಮೆಯ ವೈದ್ಯರು ಏನು ಮಾಡುತ್ತಿದ್ದರೋ ಅದನ್ನು ನೀವು ಮಾಡಿದಿರಾ ಎಂದಷ್ಟೇ ಕೋರ್ಟು ಕೇಳುತ್ತದೆ. ಲ್ಯಾಬಿನಿಂದ ಬರುವ ಕಮಿಷನ್ನಿಗೂ ಕೇಸಿನ ಭಯವೇ ಕಾರಣವೇ? ಅದನ್ನೂ ಅದೇ ನಿಯಮಾವಳಿ ನಿಷೇಧಿಸಿದೆ. ನೀವು ಅಂಥವರಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ.

ನನ್ನನ್ನು ಹೆಚ್ಚು ಕೆರಳಿಸುವುದು ಒಪ್ಪಿಗೆ ಪತ್ರ. ತಪಾಸಣೆಗೆ ಒಪ್ಪಿ ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನೇ ತೆಗೆದ ಪ್ರಕರಣದಲ್ಲಿ, ಹೊರಗೆ ಕುಳಿತ ತಾಯಿಯ ಒಪ್ಪಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿತು. ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿಯುಂಟೇ ಎಂಬುದು ರೋಗಿಗೆ ತಿಳಿದಿರಬೇಕು ಎಂದಿತು. ನಮ್ಮಲ್ಲಿ ಸ್ಟ್ರೆಚರ್ ಹೊರಡುವ ಹೊತ್ತಿಗೆ ಇಂಗ್ಲಿಷಿನ ಹಾಳೆ ಚಾಚಿ "ಇಲ್ಲೊಂದು ಸೈನ್" ಎನ್ನುತ್ತಾರೆ. ಕನ್ನಡ ಮಾತ್ರ ಓದಬಲ್ಲ ಹೆಂಗಸು ಅದರಲ್ಲಿ ಏನನ್ನು ಒಪ್ಪಿದಳು? ಬ್ಯಾಂಕಿನ ಸಾಲಪತ್ರವೂ ಹಾಗೆಯೇ, ವಿಮೆಯ ಷರತ್ತುಗಳೂ ಹಾಗೆಯೇ. ನವೆಂಬರಿನಲ್ಲಿ ಬಾವುಟ ಹಾರಿಸುವ ನಾಡಿನಲ್ಲಿ ಜೀವ, ಜಮೀನು, ದುಡ್ಡಿನ ಕಾಗದಗಳು ಬಂದಾಗಲೆಲ್ಲ ಕನ್ನಡಿಗ ನಿರಕ್ಷರಿಯಾಗುತ್ತಾನೆ.

ನಿಮ್ಮ ನರ್ಸಿಂಗ್ ಹೋಂನ ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ದಯವಿಟ್ಟು ಒಂದು ಪ್ರತಿ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇನೆ. ಇಲ್ಲವಾದರೆ ಇಂಗ್ಲಿಷಿನದನ್ನೇ ಕಳುಹಿಸಿ, ಕನ್ನಡ ಮಾಡಿಕೊಡುವ ಕೆಲಸ ನಮ್ಮದು.