ಸೇನೆಯ ವಾಹನ ಹಿಂದಕ್ಕೆ ಹೋದರೆ ಸಾಕೇ?

ಪ್ರಶ್ನೆ: ಅಮೆರಿಕದಲ್ಲಿ ಪ್ರತಿಭಟನಕಾರರ ಎದುರು ಪೊಲೀಸರು ಸೈನಿಕರಂತೆ ಸಜ್ಜಾಗಿ ನಿಲ್ಲುವುದನ್ನು ಟಿ.ವಿ.ಯಲ್ಲಿ ನೋಡಿದ್ದೇನೆ. ಆ ವಾಹನ, ಬಂದೂಕುಗಳು ಅವರಿಗೆ ಎಲ್ಲಿಂದ ಸಿಗುತ್ತವೆ? ಅವನ್ನು ಹಿಂಪಡೆದರೆ ಅತಿಯಾದ ಬಲಪ್ರಯೋಗ ನಿಲ್ಲುತ್ತದೆಯೇ?

ಉತ್ತರ: ಸೇನೆಗೆ ಬೇಡವಾದ ಸಾಮಗ್ರಿ ಪೊಲೀಸರಿಗೆ ಹೆಚ್ಚುಕಡಿಮೆ ಉಚಿತವಾಗಿ ಸಿಗುತ್ತದೆ. ಮಾದಕವಸ್ತು ತಡೆಯ ಹೆಸರಿನಲ್ಲಿ 1990ರ ಸುಮಾರಿಗೆ ಆರಂಭವಾದ ಈ ವ್ಯವಸ್ಥೆಯನ್ನು 1997ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯ 1033ನೇ ಸೆಕ್ಷನ್ ಕಾಯಂಗೊಳಿಸಿತು. ಪಡೆದ ಸಾಮಗ್ರಿಯನ್ನು ಒಂದು ವರ್ಷದೊಳಗೆ ಬಳಕೆಗೆ ತರಬೇಕೆಂಬ ಷರತ್ತೂ ಇದೆ. ನನ್ನನ್ನು ಕಂಗೆಡಿಸುವುದು ಇದೇ: ಅಗತ್ಯ ಬಿದ್ದಾಗ ಆಯುಧ ತರುವ ಬದಲು, ಬಂದ ಆಯುಧಕ್ಕೆ ಅಗತ್ಯ ಹುಡುಕಬೇಕಾಗುತ್ತದೆ. 2014ರಲ್ಲಿ ಮಿಸೌರಿ ರಾಜ್ಯದ ಫರ್ಗುಸನ್‌ನಲ್ಲಿ ಕಪ್ಪು ಯುವಕನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದಾಗ ಎದ್ದ ಪ್ರತಿಭಟನೆಯ ದೃಶ್ಯಗಳು ಜನರನ್ನು ಕೆರಳಿಸಿದ ಮೇಲೆ, 2015ರಲ್ಲಿ ಒಬಾಮ ಕೆಲವು ಸಾಮಗ್ರಿಗಳಿಗೆ ನಿರ್ಬಂಧ ಹೇರಿದರು. 2017ರಲ್ಲಿ ಟ್ರಂಪ್ ಅದನ್ನು ತೆಗೆದುಹಾಕಿದರು.

ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ನಿಲ್ಲುವುದಿಲ್ಲ. 2020ರ ಮಾರ್ಚ್‌ನಲ್ಲಿ ಲೂಯಿವಿಲ್‌ನಲ್ಲಿ ಬ್ರಿಯೊನಾ ಟೇಲರ್ ಎಂಬ ಕಪ್ಪು ಯುವತಿಯ ಮನೆಯ ಬಾಗಿಲನ್ನು ನಡುರಾತ್ರಿ ಒಡೆದ ಪೊಲೀಸರು ಮಫ್ತಿಯಲ್ಲಿದ್ದರು. ನುಗ್ಗಿದವರು ಕಳ್ಳರೆಂದು ಆಕೆಯ ಗೆಳೆಯ ಗುಂಡು ಹಾರಿಸಿದ. ಪೊಲೀಸರ ಗುಂಡಿಗೆ ಆಕೆ ಬಲಿಯಾದರು. ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದದ್ದು ಕುತ್ತಿಗೆಯ ಮೇಲೆ ಒಬ್ಬ ಪೊಲೀಸ್ ಅಧಿಕಾರಿ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಊರಿದ ಮಂಡಿ. ಜೊತೆಗಿದ್ದ ಮೂವರು ಪೊಲೀಸರಲ್ಲಿ ಒಬ್ಬರೂ ಅದನ್ನು ತಪ್ಪಿಸಲಿಲ್ಲ. ಎರಡೂ ಕಡೆ ಕವಚದ ವಾಹನ ಬೇಕಾಗಲಿಲ್ಲ. ಎದುರಿಗಿರುವವನು ನಾಗರಿಕನಲ್ಲ, ಶತ್ರು ಎಂದು ತರಬೇತಿಯಲ್ಲೇ ಮೈಗೂಡಿದ ಭಾವನೆ ಆಯುಧಕ್ಕಿಂತ ಅಪಾಯಕಾರಿ.

ಕಾನೂನೂ ಸಡಿಲವಾಗಿದೆ. ಬಲಪ್ರಯೋಗವನ್ನು ಆ ಕ್ಷಣದಲ್ಲಿ ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಯ ಕಣ್ಣಿನಿಂದ ಅಳೆಯಬೇಕು ಎಂದು 1989ರ ಗ್ರಹಾಂ ವಿರುದ್ಧ ಕಾನರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಷ್ಟಪರಿಹಾರದ ದಾವೆ ಹೂಡಿದರೂ, ತೀರಾ ಹೋಲುವ ಹಿಂದಿನ ತೀರ್ಪು ಇಲ್ಲವೆಂಬ ಕಾರಣಕ್ಕೆ ಅಧಿಕಾರಿ ಪಾರಾಗುವುದುಂಟು.

ಬದಲಾವಣೆ ಅಸಾಧ್ಯವೇನಲ್ಲ. ನ್ಯೂಜೆರ್ಸಿಯ ಕ್ಯಾಮ್ಡೆನ್ 2013ರಲ್ಲಿ ನಗರ ಪೊಲೀಸ್ ಪಡೆಯನ್ನೇ ವಿಸರ್ಜಿಸಿ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕದ) ಪಡೆಗೆ ಹೊಣೆ ವಹಿಸಿತು. ಆ ಪಡೆಯ 2019ರ ನಿಯಮದ ಪ್ರಕಾರ ಬಲಪ್ರಯೋಗ ಕೊನೆಯ ದಾರಿಯಾಗಬೇಕು. ಸಹೋದ್ಯೋಗಿ ಮಿತಿ ಮೀರಿದರೆ ತಡೆಯುವುದು ಪ್ರತಿ ಅಧಿಕಾರಿಯ ಕರ್ತವ್ಯ. ಬಲಪ್ರಯೋಗದ ದೂರುಗಳು ಅಲ್ಲಿ ಬಹಳ ಇಳಿದಿವೆ. ಆದರೆ ಬೀದಿಗಳಲ್ಲಿ ಕ್ಯಾಮೆರಾಗಳ ಕಣ್ಗಾವಲೂ ದಟ್ಟವಾಗಿದೆ. ಈ ವಿನಿಮಯವನ್ನು ನಾನು ಸುಲಭವಾಗಿ ಒಪ್ಪಲಾರೆ.